ಇರುವೆ ಕಚ್ಚಿದಷ್ಟೇ

ದಿನಕ್ಕೆ ಅರವತ್ತು ತೋಳು.
ಕಾಸರಗೋಡು ಹೊಸ ಬಸ್‌ಸ್ಟ್ಯಾಂಡಿನ ಹಿಂದಿನ ಲ್ಯಾಬಿನಲ್ಲಿ
ಬೆಳಗ್ಗೆ ಆರೂವರೆಗೆ ಷಟರ್ ಎತ್ತಿದರೆ
ಬರಿಹೊಟ್ಟೆಯ ಸಾಲು. ಬದಿಯಡ್ಕದವರು, ಮುಳ್ಳೇರಿಯದವರು,
ಮೊದಲ ಬಸ್ಸಿನ ನಿದ್ದೆ ಇನ್ನೂ ಕೆನ್ನೆಯ ಮೇಲೆ.
ಪೇಡಿಕ್ಕಂಡ, ಪೋಡ್ಯೊಡ್ಚಿ, ಭಿವ್ನಕ್ಕಾ, ಹೆದರಬೇಡಿ:
ಬಂದವರ ಭಾಷೆ ಮುಖ ನೋಡಿಯೇ ಗೊತ್ತಾಗುತ್ತದೆ ನನಗೆ.
ರಬ್ಬರ್ ಪಟ್ಟಿ ಬಿಗಿದು ಹೇಳುತ್ತೇನೆ,
ಮುಷ್ಟಿ ಕಟ್ಟಿ. ಆಚೆ ನೋಡಿ.
ಇರುವೆ ಕಚ್ಚಿದಷ್ಟೇ.

ಹದಿನೆಂಟು ವರ್ಷ.
ಇಷ್ಟು ಜನರ ಮುಷ್ಟಿ ಕಟ್ಟಿಸಿದವಳು
ಒಮ್ಮೆಯೂ ನನ್ನದನ್ನು ಕಟ್ಟಿ ನೋಡಿರಲಿಲ್ಲ.

ಯಾಕೆ ಹೊರಟೆ ಎಂದು ಕೇಳಬೇಡಿ.
ನನ್ನದೇ ಸಕ್ಕರೆ ನೂರ ಎಂಬತ್ತು ತೋರಿಸಿದ ದಿನ
ನಡೆಯಿರಿ ಎಂದರು ಡಾಕ್ಟರು.
ನಡೆದೆ. ತಾಳಿಪಡ್ಪು ಮೈದಾನಕ್ಕೆ ನಾಲ್ಕು ಸುತ್ತು;
ಎದುರು ಸಿಕ್ಕವರೆಲ್ಲ ನಿಲ್ಲಿಸಿ ರಿಪೋರ್ಟು ಕೇಳಿದರು.
ಐದನೆಯ ದಿನ ಅವರನ್ನು ತಪ್ಪಿಸಿ ತಿರುಗಿದ ಓಣಿಯಲ್ಲಿ
ಹಾಸಿಗೆ ಅಂಗಡಿಯ ಮಾಳಿಗೆಯಿಂದ ದಬ್ ದಬ್.
ಯಾರೋ ಹತ್ತಿ ಬಡಿಯುತ್ತಿದ್ದಾರೆಂದುಕೊಂಡೆ.
ಹತ್ತಿಯಲ್ಲ. ಹುಡುಗಿಯರು. ಬಾಕ್ಸಿಂಗ್.

ಇಪ್ಪತ್ತೆರಡು ಮೆಟ್ಟಿಲು.
ಮೊದಲ ಬುಧವಾರ ಒಂಬತ್ತರವರೆಗೆ ಏರಿ
ಫೋನು ಬಂದವಳಂತೆ ಇಳಿದೆ.
ಎರಡನೆಯ ಬುಧವಾರ ಕೆಳಗೇ ನಿಂತು
ಬೇಡದ ಎರಡು ದಿಂಬಿಗೆ ಚೌಕಾಸಿ ಮಾಡಿದೆ,
ಕೊಂಡೂ ಬಿಟ್ಟೆ.
ಮೂರನೆಯದರಲ್ಲಿ ಬಾಗಿಲ ತನಕ. ಒಳಗೆ
ಎಲ್ಲ ಹದಿನಾಲ್ಕು, ಹದಿನೈದು. ಬೆವರು ಹಿಡಿದ ಕನ್ನಡಿಯಲ್ಲಿ
ನನ್ನ ನಲವತ್ತೊಂದು, ಚೂಡಿದಾರ ಸಮೇತ.
ಕಿವಿಯೊಳಗೆ ಎದೆ. ಒಣಗಿದ ನಾಲಗೆ.
ಒದ್ದೆ ಅಂಗೈ. ಇದೆಲ್ಲ ನನಗೆ ಗೊತ್ತು,
ಕುರ್ಚಿಯ ಈಚೆ ಬದಿಯಿಂದ ದಿನಾ ನೋಡಿದ್ದೇನೆ;
ಆಚೆ ಬದಿ ಹೀಗಿರುತ್ತದೆಂದು ಯಾರೂ ಹೇಳಿರಲಿಲ್ಲ.

ಪವಿತ್ರನ್ ಮಾಷ್ ವಯಸ್ಸು ಕೇಳಲಿಲ್ಲ.
ಬಟ್ಟೆಯ ಪಟ್ಟಿ ಕೊಟ್ಟು ಸುತ್ತಿಕೊಳ್ಳಿ ಎಂದರು.
ಬ್ಯಾಂಡೇಜು ಸುತ್ತುವುದು ನನ್ನ ಅನ್ನ,
ಆದರೆ ಬೇರೆಯವರ ಕೈಗೆ.
ನನ್ನ ಕೈಗೆ ನಾನೇ ಸುತ್ತಲು ಹೋಗಿ
ಹೆಬ್ಬೆರಳು ಒಳಗೇ ಉಳಿಯಿತು.
"ಹೆಬ್ಬೆರಳು ಹೊರಗೆ," ಮಾಷಿನ ಮಲಯಾಳ ಬೆರೆತ ಕನ್ನಡ,
"ಒಳಗಿಟ್ಟು ಹೊಡೆದರೆ ಮುರಿಯುವುದು ನಿಮ್ಮದೇ."

ಎರಡು ತಿಂಗಳು ಚೀಲಕ್ಕೆ ಹೊಡೆದೆ.
ಚೀಲ ಒಳ್ಳೆಯದು, ತಿರುಗಿ ಹೊಡೆಯುವುದಿಲ್ಲ.
ಆಮೇಲೊಂದು ಸಂಜೆ ಮಾಷ್ ಹಗ್ಗ ಎತ್ತಿ ಹಿಡಿದರು.
ಎದುರು ಮಿಸ್ರಿಯಾ. ಹತ್ತನೇ ಕ್ಲಾಸು.
ಹೋದ ಮಳೆಗಾಲ ಡೆಂಗಿಯಲ್ಲಿ ಬಂದು
ಲ್ಯಾಬಿನ ಮಾಡು ಹಾರುವಂತೆ ಕಿರುಚಿದವಳು;
ಮೂವರು ಹಿಡಿದು, ನಾನು ಅದೇ ಮಾತು ಹೇಳಿ
ನರ ಹುಡುಕಿದ್ದೆ.

ಗಂಟೆ ಹೊಡೆಯಿತು. ಕಣ್ಣು ಮುಚ್ಚಿದೆ.
ನಿಜ ಹೇಳುತ್ತೇನೆ, ಮುಚ್ಚಿಯೇ ಬಿಟ್ಟೆ,
ಮುಖ ಆಚೆ ತಿರುಗಿಸಿದೆ,
ಹದಿನೆಂಟು ವರ್ಷ ನಾನೇ ಕಲಿಸಿದ ಪಾಠ.
"ನೋಡಿ! ನೋಡಿ!" ಮಾಷ್ ಕೂಗುತ್ತಿದ್ದಾರೆ,
ನೋಡುವಷ್ಟರಲ್ಲಿ ಮೂಗಿನ ಮೇಲೆ.

ಕಣ್ಣೀರಿನಾಚೆ ಎರಡು ಮಿಸ್ರಿಯಾ.
ಹಲ್ಲುಕವಚದ ಹಿಂದಿನಿಂದ
"ಉರುಂಬು ಕಡಿಚ್ಚ ಪೋಲೆ, ಅಲ್ಲೇ ಸಿಸ್ಟರೇ?"
ನಗುತ್ತಿದ್ದಾಳೆ, ಕಳ್ಳಿ.

ಇರುವೆಯಲ್ಲ.
ಯಾವ ಇರುವೆಯೂ ಹೀಗೆ ಕಚ್ಚುವುದಿಲ್ಲ ಮಾರಾಯ್ತಿ.
ಆದರೆ ನಿಂತಿದ್ದೆ.
ಗಂಜಿ ಕುದಿಯುವಾಗಿನ ಮುಚ್ಚಳದ ಹಾಗೆ
ಕಾಲು ನಡುಗುತ್ತಲೇ ನಿಂತಿತ್ತು.
ಎರಡನೆಯದು ಬರುವುದು ಕಂಡಿತು.
ಕಂಡದ್ದರಿಂದ ತಪ್ಪಿಸಿಕೊಂಡೆ ಎಂದಲ್ಲ,
ಅದೂ ಬಿತ್ತು. ಕಂಡಿತು, ಅಷ್ಟೇ.
ಮೂರನೆಯದಕ್ಕೆ ನನ್ನ ಎಡಗೈ
ನನ್ನನ್ನು ಕೇಳದೆ ಮುಂದೆ ಹೋಗಿತ್ತು.

ಮರುದಿನ ಆರೂವರೆ.
ಗೆಣ್ಣು ಊದಿ ಗ್ಲೌಸು ಏರಲಿಲ್ಲ,
ದೊಡ್ಡ ಅಳತೆಯದು ತೆಗೆದೆ.
ಮೊದಲನೆಯವರು ಸೀತಾಂಗೋಳಿಯ ಮಾಧವ ಆಚಾರಿ,
ನಲವತ್ತು ವರ್ಷ ಉಳಿ ಹಿಡಿದ ಕೈ
ಸೂಜಿಗೆ ನಡುಗುತ್ತದೆ.
ಇರು... ಎಂದೆ. ಅಲ್ಲಿಗೇ ನಿಲ್ಲಿಸಿದೆ.

ನೋಯುತ್ತದೆ ಆಚಾರ್ರೇ. ಸ್ವಲ್ಪ.
ಬೇಕಿದ್ದರೆ ನೋಡಿ.

ಅವರು ನನ್ನ ಮೂಗು ನೋಡಿದರು.
ಆಮೇಲೆ ಸೂಜಿ.
ಹೆಬ್ಬೆರಳು ಹೊರಗಿಡಿ ಎಂದೆ, ಯಾಕೆಂದು ತಿಳಿಯದೆ;
ಇಟ್ಟರು.