ನಡುವಿನ ಪೆಟ್ಟಿಗೆ

ಆಷಾಢ. ಬೈತಖೋಲದಲ್ಲಿ ಬೋಟು ಹಗ್ಗ ಕಟ್ಟಿಸಿಕೊಂಡು ನಿದ್ದೆ.
ನನ್ನ ಕಿವಿಯೊಳಗೆ ಮಾತ್ರ ಇಂಜಿನ್ನು ಇನ್ನೂ ನಿಂತಿಲ್ಲ.
ಇಪ್ಪತ್ತೆರಡು ವರ್ಷ ಆರು ಸಿಲಿಂಡರಿನ ಪಕ್ಕ ಕೂತ ಕಿವಿ.
ಡೀಸೆಲ್ಲು ಎಲ್ಲಿ ಕೆಮ್ಮುತ್ತದೆಂದು ಗೊತ್ತು.
ಮನುಷ್ಯರ ಮಾತಿನ ಸ, ಶ, ತ
ಬಲೆಯ ಕಣ್ಣಿನಿಂದ ತಾರ್ಲೆ ಮರಿ ಜಾರಿದ ಹಾಗೆ.

ಚೌತಿಗೆ ಕಂತಿನಲ್ಲಿ ಕೊಂಡ ಹೋಮ್ ಥಿಯೇಟರ್ ಇತ್ತು,
ಐದು ಡಬ್ಬಿ, ಒಂದೊಂದೂ ಮಕ್ಕಳ ಬುತ್ತಿಯಷ್ಟು.
ಹೆಲಿಕಾಪ್ಟರ್ ಬಂದರೆ ಕಪಾಟಿನ ಗಾಜು ನಡುಗುವುದು,
ನಾಯಕಿ ಅತ್ತರೆ ಪ್ಲಾಸ್ಟಿಕ್ಕು ಅತ್ತಂತೆ.
ನಾನು ಪಕ್ಕಕ್ಕೆ ತಿರುಗುತ್ತಿದ್ದೆ,
"ಏನಂದ?"
ಉಜ್ವಲಾ ನದಿ ಸೀಗಡಿ ಸುಲಿಯುತ್ತಲೇ ಹೇಳುವಳು,
ತಲೆ ಎತ್ತದೆ, ಬೇಸರಪಡದೆ.

ಕಾಜುಬಾಗದ ಬಸ್ತ್ಯಾಂವ ಒಂದು ಡಬ್ಬಿ ಬಿಚ್ಚಿ ತೋರಿಸಿದ.
ಮೂರಿಂಚಿನ ಕಾಗದ, ಅಂಚಿನ ಫೋಮು ಪುಡಿಪುಡಿ,
ತಾಮ್ರದ ತಂತಿ ಉಪ್ಪುಗಾಳಿಗೆ ಪಾಚಿಯಾಗಿದೆ.
"ಆಂಪ್ ಇರಲಿ, ಸಣ್ಣದು, ಆದರೆ ಪ್ರಾಮಾಣಿಕ.
ಐದೂ ಬದಲಿಸಬೇಡ ಮಾರಾಯಾ, ದುಡ್ಡು ಸಮುದ್ರಕ್ಕೆ.
ಹಿಂದಿನೆರಡರಲ್ಲಿ ಬರೀ ಮಳೆ, ಬರೀ ಕಾಗೆ.
ಮಾತು ಬರೋದು ನಡುವಿನದರಿಂದ."
ಓಮ್ ಆರಕ್ಕಿಂತ ಕೆಳಗಿಳಿಯಬಾರದು ಎಂದು
ನನ್ನ ಅಂಗೈ ಮೇಲೆ ಪೆನ್ನಿನಲ್ಲಿ ೬ ಬರೆದು ಕಳಿಸಿದ.

ಅರ್ಗಾ ಕ್ವಾರ್ಟರ್ಸಿನಲ್ಲಿ ವಿಶಾಖಪಟ್ಟಣಕ್ಕೆ ವರ್ಗವಾದ ನೇವಿಯವರೊಬ್ಬರು
ಮಂಚ, ಸೈಕಲ್ಲು, ಹೂಕುಂಡಗಳ ಜೊತೆ ಮಾರಲಿಟ್ಟಿದ್ದರು:
ಮುಂದಿನ ಜೋಡಿ, ನಡುವಿನದೊಂದು,
ಎತ್ತಿದರೆ ದೊಡ್ಡ ಇಸ್ವಾಣದ ತೂಕ.
ಅಂಗೈಯನ್ನು ಪೆಟ್ಟಿಗೆಯ ಬೆನ್ನಿಗೆ ಹಿಡಿದು ನೋಡಿದೆ. ಆರೇ.
ನಾಲ್ಕೂವರೆ ಸಾವಿರ. ಬಲೆ ಹೊಲಿದ ದುಡ್ಡು.
ಉಜ್ವಲಾಗೆ ನಾಲ್ಕು ಅಂದೆ.

ಹಳೆಯ ಪಿನ್ನು ಕತ್ತರಿಸಿ, ತಂತಿ ಸುಲಿದು,
ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು.
ನಡುವಿನದನ್ನು ಟೀವಿಯ ಕೆಳಗೆ ಮೀನಿನ ಕ್ರೇಟಿನ ಮೇಲಿಟ್ಟು
ಅಡಿಯಲ್ಲಿ ಹಳೇ ಚಪ್ಪಲಿಯ ತುಂಡು ತುರುಕಿ
ನಮ್ಮ ಮುಖದ ಕಡೆ ತುಸು ಎತ್ತಿದೆ.

ಹತ್ತಾರು ಸಲ ನೋಡಿದ್ದೇ ಸಿನಿಮಾ ಹಾಕಿದೆವು.
ಅಪ್ಪ ಬಾಗಿಲಲ್ಲಿ ನಿಂತು ಮಗನಿಗೆ ಏನೋ ಹೇಳುವ ಜಾಗ.
ನನಗೆ ಬಾಯಿಪಾಠ: "ಉಂಡು ಹೋಗು."
ಉಜ್ವಲಾ ಪ್ರತಿ ಸಲ ಹೇಳಿದ್ದು ಅದನ್ನೇ.
ಹೊಸ ಪೆಟ್ಟಿಗೆ ಬಾಯಿ ಬಿಟ್ಟಿತು,
ಸ, ಶ, ತ ಒಂದೂ ಜಾರಲಿಲ್ಲ:
"ಸತ್ತ ಅಂದುಕೊಳ್ತೇನೆ. ಹೊರಡು."

ನಾಯಕಿಯ ಪತ್ರದಲ್ಲಿ ಉಜ್ವಲಾ ಹೇಳಿದ್ದ ಅಬ್ಬಲಿಗೆ ಇಲ್ಲ.
ಡಾಕ್ಟರು "ಏನಾಗಲ್ಲ" ಅನ್ನಲೇ ಇಲ್ಲ.
ಮುಂದಿನ ದೃಶ್ಯದ ಹೆಣವನ್ನು ಇವಳು ಕನಸು ಅಂದಿದ್ದಳು,
ನಾನು ನಂಬಿದ್ದೆ,
ಸಿನಿಮಾ ಮುಗಿಯುವ ತನಕ ಅವನು ಏಳುವುದನ್ನು ಕಾದಿದ್ದೆ.

ತಿರುಗಿ ನೋಡಿದೆ.
ಸೀಗಡಿಯ ತಲೆ ಅವಳ ಬೆರಳಲ್ಲಿ ಅರ್ಧ ಮುರಿದು ನಿಂತಿತ್ತು.
"ಹೇಗೆ ಕೇಳ್ತದೆ?"
"ಚೆನ್ನಾಗಿದೆ."
"ಹೌದನಾ," ಎಂದಳು. ಅದೂ ಕೇಳಿಸಿತು.

ಬೋಟಿನ ಸಾಹುಕಾರ ಧಕ್ಕೆಯಲ್ಲಿ ಅಂದದ್ದು,
ಅವಳಣ್ಣ ಫೋನಿನಲ್ಲಿ ಅಂದದ್ದು,
ಎಲ್ಲವೂ ನನಗೆ ಬಂದದ್ದು ಈ ಬಾಯಿಂದಲೇ.
ಆಯಿ ಹೋಗುವಾಗ ತುಟಿ ಅಲ್ಲಾಡಿತ್ತು.
ಏನಂದಳು ಎಂದು ಕೇಳಿದ್ದೆ.
"ನಿಮ್ಮ ಹೆಸರು," ಎಂದಿದ್ದಳು ಉಜ್ವಲಾ.
ಅದನ್ನು ಹಿಂದಕ್ಕೆ ಓಡಿಸಿ ಮತ್ತೆ ಹಾಕಲು ಬರುವುದಿಲ್ಲ.
ಹಾಕಲು ಬಂದರೂ.

ರಿಮೋಟು ಹುಡುಕಿ ಸೆಂಟರ್ ಲೆವೆಲ್ ಇಳಿಸಿದೆ,
ಎರಡು, ಮೂರು, ಆರು.
ಪಕ್ಕಕ್ಕೆ ತಿರುಗಿ, "ಏನಂದ?"

ಅವಳು ತೆರೆಯ ಮೇಲಿನ ಅಂಕಿ ನೋಡಿದಳು,
ನನ್ನನ್ನು ನೋಡಿದಳು,
ಕೈಯನ್ನು ಸೆರಗಿಗೆ ಒರೆಸಿಕೊಂಡಳು.
"ಉಂಡು ಹೋಗು ಅಂದ."
ಆ ಹೊತ್ತಿಗೆ ತೆರೆಯ ಮೇಲೆ ಯಾರೂ ಇರಲಿಲ್ಲ,
ಕಪ್ಪಿನಲ್ಲಿ ಬರೀ ಹೆಸರುಗಳು ಏರುತ್ತಿದ್ದವು.