ತಳದ ಗಾಳ

ಗಡಿಯಾರದಂಗಡಿಯ ಬಾಗಿಲನ್ನು ಆರಕ್ಕೆ ಎಳೆದು
ತೀರ್ಥಹಳ್ಳಿಯ ಸೇತುವೆ ದಾಟಿ, ಕೆಳಗೆ, ಹೊಳೆಗಿಳಿಯುತ್ತೇನೆ.
ಛಿಬ್ಬಲಗುಡ್ಡೆ ಇಲ್ಲಿಂದ ದೂರ.
ಅಲ್ಲಿಯವು ದೇವರ ಮೀನು, ಮಂಡಕ್ಕಿ ತಿಂದು ಕೊಬ್ಬಿದವು,
ನನ್ನ ಲೆಕ್ಕಕ್ಕೆ ಬಾರದವು.

ಚೀಲದಲ್ಲಿ ಏನಿದೆ, ಕೇಳಿ:
ಹಳೆಯ ವಾಚಿನ ಡಬ್ಬಿಯಲ್ಲಿ ಗಾಳಗಳು,
ಆರನೇ ನಂಬರಿನಿಂದ ಹದಿನಾಲ್ಕರವರೆಗೆ
(ನಂಬರು ದೊಡ್ಡದಾದಷ್ಟೂ ಗಾಳ ಚಿಕ್ಕದು;
ಇದನ್ನು ಸರಸುವಿಗೆ ಒಪ್ಪಿಸಲು ಇಪ್ಪತ್ತು ವರ್ಷ ಸಾಲಲಿಲ್ಲ).
ಟೈರಿನಂಗಡಿಯ ಪಾಸ್ಕಲ್ ಕೊಟ್ಟ ಸೀಸ,
ಸಾರಿನ ಸೌಟಿನಲ್ಲಿ ಕರಗಿಸಿ ನಾನೇ ಹೊಯ್ದದ್ದು.
ಆ ಸೌಟಿನ ಮಾತು ಮನೆಯಲ್ಲಿ ಇನ್ನೂ ಮುಗಿದಿಲ್ಲ.
ತಂಗೂಸಿಯ ಸುರುಳಿ. ಒಂದು ಚಿಮಟ.

ಮೊದಲೆಲ್ಲ ಬೆಂಡು ಕಟ್ಟುತ್ತಿದ್ದೆ.
ನವಿಲುಗರಿಯ ದಂಟು, ತುದಿಗೆ ಕೆಂಪು ಬಣ್ಣ,
ನೀರಿನ ಮೇಲೆ ಅದು ಅಲುಗುವುದನ್ನು
ಬಲಗಣ್ಣಿನಿಂದ ನೋಡುತ್ತಿದ್ದೆ. ಎಡಗಣ್ಣು
ಭೂತಗನ್ನಡಿ ಸಿಕ್ಕಿಸಿದಾಗಲೆಲ್ಲ ಮುಚ್ಚಿ ಮುಚ್ಚಿ
ಮೂವತ್ತು ವರ್ಷಕ್ಕೆ ಸೋಮಾರಿಯಾಗಿದೆ.
ಸಿಗುತ್ತಿದ್ದದ್ದು ಬೆರಳುದ್ದದ ಮೀನು,
ಬೆಕ್ಕಿಗೆ ಹಾಕಿದರೆ ಬೆಕ್ಕು ನನ್ನ ಮುಖ ನೋಡುತ್ತಿತ್ತು.

ಗಂಗೊಳ್ಳಿಯ ಅಕ್ಕಣಿ ಮಂಗಳವಾರದವಳು.
ಬಾಳೇಬರೆ ಘಾಟಿ ಹತ್ತುವ ಮೊದಲ ಬಸ್ಸಿನಲ್ಲಿ
ಮೀನಿನ ಬುಟ್ಟಿ, ಐಸು, ಉಪ್ಪಿನ ವಾಸನೆ.
ಉಪ್ಪುನೀರು ಕುಡಿದು ನಿಂತ ವಾಚು ತಂದಳು.
ಬಿಚ್ಚಿದೆ, ಎಣ್ಣೆ ಹಾಕಿದೆ, ಓಡಿತು.
ಚಿಲ್ಲರೆ ಇಲ್ಲವೆಂದು ಪೇಪರಿನಲ್ಲಿ ನಂಗು ಸುತ್ತಿಟ್ಟಳು.
ಅಂಗೈ ಚಪ್ಪಟೆ. ಒಂದು ಬದಿ ಬಿಳಿ, ಒಂದು ಬದಿ ಹೊಯ್ಗೆಯ ಬಣ್ಣ.
ಕಣ್ಣೆರಡೂ ಒಂದೇ ಬದಿಗೆ.
ಭೂತಗನ್ನಡಿ ತೆಗೆಯದೆ ಅದನ್ನೇ ನೋಡುತ್ತ ಕುಳಿತೆ.
"ಹುಟ್ಟುವಾಗ ಹಾಂಗಿಲ್ಲ ಮಾರಾಯ್ರೆ, ಆಚಿಗೊಂದ್ ಈಚಿಗೊಂದ್.
ಮಲ್ಕಂಡ್ ಮಲ್ಕಂಡ್ ಒಂದ್ ಕಣ್ಣ್ ಈಚಿಗ್ ಬತ್ತ್."

ಕೇಳಿದೆ: ದಡದಲ್ಲಿ ನಿಂತು ಇದನ್ನು ಹಿಡಿಯುವುದು ಹೇಗೆ?
ನಕ್ಕಳು. ಬೆಂಡು ಬಿಸಾಕಿ ಎಂದಳು.
ಸೀಸ ತಳದಲ್ಲಿ ಮಲಗಬೇಕು, ತಂಗೂಸಿ ಅದರೊಳಗೆ ಜಾರಬೇಕು,
ಗಾಳ ಅಲ್ಲಿಂದ ಒಂದೂವರೆ ಗೇಣು.
ಚಟ್ಲಿಯಾದರೆ ಬಾಲದಿಂದ ಚುಚ್ಚಿ,
ಎರೆಹುಳುವಾದರೆ ತುದಿ ಕುಣಿಯಲು ಬಿಡಿ,
ಆಮೇಲೆ ನಿಧಾನ ಎಳೆಯಿರಿ, ನಿಲ್ಲಿಸಿ, ಎಳೆಯಿರಿ.
"ಧೂಳ್ ಏಳ್ಕ್. ಧೂಳ್ ಕಂಡ್ರೆ ಅದ್ ಬತ್ತ್."

ತುಂಗೆಯಲ್ಲಿ ನಂಗಿಲ್ಲ, ಗೊತ್ತು.
ಆದರೂ ತಳದಲ್ಲಿ ಯಾರಾದರೂ ಇದ್ದೇ ಇರುತ್ತಾರಲ್ಲ.
ಸರಸು ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಅಗೆದೆ,
ಕೊಬ್ಬಿದ ಎರೆಹುಳು, ತೆಂಗಿನ ಚಿಪ್ಪಿನ ತುಂಬ.
ಎಸೆದೆ. ಎಳೆದೆ. ಸಿಕ್ಕಿತು:
ಬಂಡೆ.
ಒಂದೇ ವಾರಕ್ಕೆ ಏಳು ಸೀಸ, ಏಳು ಗಾಳ
ಹೊಳೆಗೆ ಕಂದಾಯ.

ಮುಂದಿನ ಮಂಗಳವಾರ ಹೇಳಿದರೆ
ಬಂಗುಡೆಯ ಕಿವಿರು ಕೀಳುತ್ತ, ತಲೆಯೆತ್ತದೆ:
"ನಿಮ್ಮಲ್ಲಿ ಹೊಯ್ಗಿ ಇಲ್ಯಾ? ಹಾಂಗಾರೆ
ಸೀಸಕ್ಕೆ ಕೊಳ್ತ ನೂಲ್ ಕಟ್ಟಿ.
ಸಿಕ್ಕಂಡ್ರೆ ಸೀಸ ಹೋಗ್ಲಿ, ಗಾಳ ಉಳೀತ್."

ಕೊಳೆತ ನೂಲು!
ಗಟ್ಟಿಯಾಗಲೆಂದೇ ಗಂಟು ಹಾಕಿದವನು ನಾನು,
ಸೂಜಿಮೊನೆಯಷ್ಟು ಸ್ಕ್ರೂ ಸಡಿಲಿದರೂ ನಿದ್ದೆಗೆಟ್ಟವನು.
ಹಳೇ ಚಾಪೆಯ ಅಂಚಿನಿಂದ ನೂಲು ಬಿಚ್ಚಿ
ಹಲ್ಲಿನಲ್ಲಿ ಕಚ್ಚಿ ನೋಡಿದೆ,
ಎಲ್ಲಿ ಹರಿಯಬೇಕೋ ಅಲ್ಲಿಯೇ ಹರಿಯುವಷ್ಟು ಬಡಕಲು.

ನಿನ್ನೆ ಸಂಜೆ. ಬೆಂಡಿಲ್ಲ, ನೋಡಲು ಏನೂ ಇಲ್ಲ.
ತಂಗೂಸಿಯನ್ನು ತೋರುಬೆರಳ ಮೇಲಿಟ್ಟು
ಎರಡೂ ಕಣ್ಣು ಮುಚ್ಚಿದೆ.
ಸೀಸ ಕಲ್ಲಿಂದ ಕಲ್ಲಿಗೆ ಇಳಿಯುವುದು ಬೆರಳಿಗೇ ತಿಳಿಯಿತು,
ಟಿಕ್, ಜಾರಿ, ಟಿಕ್.
ಆಮೇಲೆ ಒಂದು ಟಿಕ್, ಕಲ್ಲಿನದಲ್ಲ.
ಎಣಿಸಿದೆ ನಾಲ್ಕರವರೆಗೆ. ಎತ್ತಿದೆ.
ನೂಲು ಹರಿಯಿತು, ಸೀಸ ಹೋಯಿತು, ಭಾರ ಹೋಗಲಿಲ್ಲ.

ಹಾವುಮೀನು, ಮೊಳದ ಮೇಲೆ ನಾಲ್ಕು ಬೆರಳು.
ತಂಗೂಸಿಯನ್ನೆಲ್ಲ ಮೈಗೆ ಸುತ್ತಿಕೊಂಡು
ತಾನೇ ಒಂದು ಗಂಟಾಗಿ ಕೈಗೆ ಬಂತು.
ಭೂತಗನ್ನಡಿ ಹಾಕಿ, ಟಾರ್ಚು ಬಾಯಲ್ಲಿ ಕಚ್ಚಿ,
ಚಿಮಟದಲ್ಲಿ ಒಂದೊಂದೇ ಸುತ್ತು ಬಿಡಿಸುತ್ತ ಕುಳಿತೆ.
ಒಂಬತ್ತಕ್ಕೆ ಸರಸು ಸೇತುವೆಯ ಮೇಲಿಂದ ಕೂಗಿದಳು,
ಅನ್ನ ಆರಿತು ಎಂದು.
ಬಾಯಲ್ಲಿ ಟಾರ್ಚಿತ್ತು,
ಓಗೊಡಲಾಗಲಿಲ್ಲ.