ಅಮಾಸಿ ಲೆಕ್ಕ

ಅಮಾಸಿಗೆ ಗಂಜ್ ಬಂದ್.
ತಕ್ಕಡಿ ನಾಲಿಗಿ ನೆಟ್ಟಗ ನಿಂತದ.
ಗಿರಣಿ ನೆಲದ ಮ್ಯಾಲ ಲಾಲಅಹ್ಮದ
ಸುಣ್ಣದ ಕಡ್ಡಿ ಹಿಡದು ಆರು ಮೂಲಿ ಮನಿ ಬರಿತಾನ,
ಜೇನಹುಟ್ಟಿನಂಗ ಒಂದಕ್ಕೊಂದು ಹತ್ತಿ
ಇನ್ನೂರಾ ಹದಿನಾರು.
ಇದು ಕಿಲ್ಲಾ. ಇದು ಅಪ್ಪನ ಕೆರಿ.
ಇದು ಶೋರ್ ಗುಂಬಜ್ ಗುಡ್ಡ,
ಇಲ್ಲಿ ನಿಂತ್ರ ಊರೆಲ್ಲ ಕಾಣ್ತದ.

ಅವನ ದಂಡು ಕೆಂಪು ತೊಗರಿ,
ಅಡತಿ ಅಂಗಡಿ ಗುಂಡೇರಾಯಂದು ಬಿಳಿ.
ಇಡೀ ಕಾಳು ಅಂದ್ರ ಪೂರಾ ಬಲ.
ಏಟು ಬಿತ್ತೋ, ಕಾಳು ತಗದು ಬೇಳಿ ಇಡಬೇಕು.
ಇನ್ನೊಂದು ಏಟಿಗೆ ಮನಿ ಖಾಲಿ.
ಸಿಪ್ಪಿ ಹ್ವಾದ ಮ್ಯಾಲ ಎರಡೂ ಹಳದಿ ನೋಡ್ರಿ,
ಅದಕ್ಕ ಅವನ ಬೇಳಿ ಬೆನ್ನು ಮ್ಯಾಲ,
ಇವನ ಬೇಳಿ ಹೊಟ್ಟಿ ಮ್ಯಾಲ.

ನಾನು ಆಡೋದಿಲ್ಲ. ನಾನು ಬರಿತೀನಿ.
ಮೂವತ್ತೆರಡು ವರ್ಷ ಚೀಲ ಬರದ ಕೈ,
ಮಂದಿ ನಂಬ್ತಾರ.

ಕಿಲ್ಲಾ ಬಾಗಿಲಕ್ಕ ಐದು.
ಗುಡ್ಡಕ್ಕ ಮೂರು, ಕೆರಿ ಏರಿಗೆ ಎರಡು.
ಎದುರಿನವನ ಕಾಳು ಬೇಳಿ ಆದ್ರ ಅರ್ಧ,
ಆ ಬೇಳಿನೂ ಹೋದ್ರ ಇನ್ನರ್ಧ.
ತೆಂಕಣ ಅಂಚು ದಾಟಿದ ಕೆಂಪು ಕಾಳಿಗೆ ಎರಡೆರಡು.
ಅದು ಜೇವರ್ಗಿ ದಾರಿ, ನೆಲ ಅಲ್ಲಿಗೆ ಮುಗಿತದ,
ಎಲ್ಲಿಗೆ ಹೋಯ್ತು ಅಂತ ಯಾರೂ ಕೇಳಂಗಿಲ್ಲ.
ಕಡಿಗೆ ಯಾರ ಕಾಲು ಬಿತ್ತೋ ಜಾಗ ಅವರದು.
ನಿಂತಿರಬೇಕಂತಿಲ್ಲ, ತುಳದು ಹೋದ್ರ ಸಾಕು.

ಈ ಒಂದು ಕಲಮಿಗೆ ಮೂರು ಅಮಾಸಿ ಜಗಳ.
"ತುಳದವನದಾ ಹೊಲ?
ಹಂಗಾದ್ರ ಈ ಗಂಜೆಲ್ಲ ಹಮಾಲರದು"
ಅಂದ ಗುಂಡೇರಾಯ, ನಕ್ಕ.
ಲಾಲಅಹ್ಮದ ಹಮಾಲ.
ನಗಲಿಲ್ಲ.
"ಬರಕೋರಿ ಮುನೀಮ್ರೆ, ಅವರು ಅಂದಿದ್ದು."
ಯಾವ ಖಾನಿಗೆ ಬರಿಲಿ?

ಹತ್ತು ಸುತ್ತಿಗೆ ಆಟ ಖಲಾಸ್.
ಒಂಬತ್ತರ ತನಕ ಇಬ್ಬರೂ ಜಿಪುಣರು,
ಒಂದೊಂದು ಕಾಳೂ ಬೀಜಕ್ಕ ಇಟ್ಟಂಗ.
ಹತ್ತನೇದ್ರಾಗ ಯಾರೂ ಯಾರನೂ ಉಳಸೋದಿಲ್ಲ.
ನಾಳಿ ಇಲ್ಲ ಅಂತ ಗೊತ್ತಾದ್ರ
ಬೇಳಿ ಸಹಿತ ಗುಡ್ಡ ಏರ್ತದ.

ಏರ್ತು ಖರೆ.
ಒಂದೇ ಒಂದು, ಬೆನ್ನು ಮ್ಯಾಲ ಮಾಡಿ.
"ಅಲ್ಲಿ ನಿನ್ನ ಬೇಳಿ ಬೇಯಂಗಿಲ್ಲ ತಗಿ"
ಅಂದು ಗುಂಡೇರಾಯ ದಾಳ ಒಗದ.
ಆರು.
ಗುಡ್ಡದ ಮ್ಯಾಲ ಬರೇ ಸುಣ್ಣದ ಗೀಟು.
ಅವನಿಗಿ ಅರ್ಧ ಬರದೆ.
ಆದ್ರ ಮ್ಯಾಲ ಹತ್ತಲಿಕ್ಕ
ಅವನ ಹತ್ರ ಒಂದು ಕಾಲೂ ಉಳದಿಲ್ಲ,
ಎಲ್ಲಾ ಬಾಗಿಲ ಕಾಯಲಿಕ್ಕೇ ಹೋಗ್ಯಾವ.
ಗುಡ್ಡ ಸತ್ತವನದು.
ಮೂರು.

ಬಿಳಿಗೆ ಬಾಗಿಲ ಐದು, ಬಡದದ್ದು ಆರೂವರಿ:
ಹನ್ನೊಂದೂವರಿ.
ಕೆಂಪಿಗೆ ಗುಡ್ಡ ಮೂರು, ಏರಿ ಎರಡು,
ದಾಟಿದವು ಎರಡಕ್ಕ ನಾಕು, ಬಡದದ್ದು ನಾಕು:
ಹದಿಮೂರು.
ಅಂತರ ಒಂದೂವರಿ. ಎರಡಕ್ಕ ಕಮ್ಮಿ ಆದ್ರ
ಅದು ಗೆಲುವಲ್ಲ, ಗೆಲುವಿನ ವಾಸನಿ.
ಗಂಜಿನ್ಯಾಗ ಅಷ್ಟು ಸೂಟಿಗೇ ಹೋಗ್ತದ.

ಬಾಗಿಲ ಬಲ್ಲಿ ಸಾಬಮ್ಮ, ಕಸಬರಿಗಿ, ಮೊರ.
ನೆಲಕ್ಕ ಬಿದ್ದದ್ದು ಅವಳದು,
ಸಾಹುಕಾರ್ರ ಅಪ್ಪನ ಕಾಲದ ಮಾತು ಅದು.
"ಸತ್ತಾವು ಎಷ್ಟ್ರಿ?"
ಈ ಕಡಿ ಆರೂವರಿ, ಆ ಕಡಿ ನಾಕು.
"ಎರಡೂ ಕೂಡ್ಸಿ ಹೇಳ್ರಿ."
ಕೂಡ್ಸೋ ಸಾಲು ನನ್ನ ಹಾಳ್ಯಾಗ ಇಲ್ಲ.
"ಹತ್ತೂವರಿ" ಅಂದಳು ಅವಳೇ,
ಕೆರಿ ಮ್ಯಾಲಿಂದ ಕಸಬರಿಗಿ ಎಳಿಲಿಕ್ಕ ಹತ್ತಿದಳು.
ಜೇವರ್ಗಿಗಿ ಹ್ವಾದ ಎರಡು ಕಾಳು
ಜರಡಿ ಕೆಳಗ ಸಿಕ್ಕವು.
ಮೊರದಾಗ ಒಮ್ಮಿ ಕೇರಿದಳು,
ಸುಣ್ಣ ಹಾರ್ತು. ಬೆನ್ನು, ಹೊಟ್ಟಿ
ಹೊಳ್ಳಿ ಹೊಳ್ಳಿ ಬಿದ್ದವು.

ಲಾಲಅಹ್ಮದ ಕೈ ತೊಳಿಲಿಕ್ಕ ನೀರು ಕೇಳಿದ.
ಮುಂದಿನ ಅಮಾಸಿಗೆ ಬಣ್ಣ ಅದಲು ಬದಲು,
ಕಿಲ್ಲಾ ಅವನದು.
ಹತ್ತೂವರಿ ಮಾತ್ರ ನಾನು
ಹಾಳಿ ಅಂಚಿಗೆ ಬರದೀನಿ, ಸಣ್ಣದಾಗಿ,
ತೇವ ಎಷ್ಟಂತ ಬರಿತೀವಲ್ಲ, ಅಲ್ಲಿ.